ದಿನವೂ ವಾಣಿಜ್ಯ ಪತ್ರಿಕೆ ತರಿಸಬೇಕೇ?

ನೀವು ಗದಗದಲ್ಲಿ ಮೊದಲ ನೌಕರಿಗೆ ಸೇರಿದ್ದೀರಿ, ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಕಾಂ. ಮುಗಿಸಿದ್ದೀರಿ, ತಿಂಗಳಿಗೆ ಎರಡು ಸಾವಿರ ರೂಪಾಯಿಯ ಎಸ್‌ಐಪಿ (ಮ್ಯೂಚುವಲ್ ಫಂಡಿನಲ್ಲಿ ಕಂತಿನ ಹೂಡಿಕೆ) ಕಟ್ಟುತ್ತಿದ್ದೀರಿ, ಮುಂದೆ ಷೇರುಗಳನ್ನೂ ಕೊಳ್ಳುವ ಆಸೆಯಿದೆ. ಅದಕ್ಕಾಗಿ ಇಂಗ್ಲಿಷ್ ವಾಣಿಜ್ಯ ದಿನಪತ್ರಿಕೆಗೆ ವರ್ಷದ ಚಂದಾ ಕಟ್ಟಬೇಕೇ ಅಥವಾ ಮೊಬೈಲಿನಲ್ಲಿ ಬರುವ ಸುದ್ದಿಯೇ ಸಾಕೇ ಎಂಬುದು ನಿಮ್ಮ ಪ್ರಶ್ನೆ. ನಾನು ಹುಬ್ಬಳ್ಳಿಯ ಕಬ್ಬಿಣ ಮತ್ತು ಪೈಪುಗಳ ಸಗಟು ಅಂಗಡಿಯೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಅಂಗಡಿಗೆ ದಿನವೂ ಒಂದು ವಾಣಿಜ್ಯ ಪತ್ರಿಕೆ ಬರುತ್ತದೆ. ಅದನ್ನು ಓದಿದ ಮೇಲೆಯೇ ನಾನು ಖಾತೆ ಪುಸ್ತಕ ತೆರೆಯುವುದು. ಆ ಅನುಭವದಿಂದ ಹೇಳುತ್ತೇನೆ: ಯಾವ ಷೇರು ಕೊಳ್ಳಬೇಕೆಂದು ತಿಳಿಯಲು ಚಂದಾ ಕಟ್ಟಬೇಡಿ. ವ್ಯಾಪಾರ, ಬಡ್ಡಿ, ತೆರಿಗೆ, ಬೆಲೆ ಇವು ಒಂದಕ್ಕೊಂದು ಹೇಗೆ ತಗಲಿಕೊಂಡಿವೆ ಎಂಬುದನ್ನು ಕಲಿಯಲು ಕಟ್ಟುವುದಾದರೆ ಖಂಡಿತ ಕಟ್ಟಿ, ಆದರೆ ಒಮ್ಮೆಲೇ ಒಂದು ವರ್ಷಕ್ಕಲ್ಲ.

ಷೇರಿನ ಮಾತನ್ನು ಮೊದಲು ಮುಗಿಸುತ್ತೇನೆ. ಷೇರುಪೇಟೆಯ ವಹಿವಾಟು ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ ನಡೆಯುತ್ತದೆ, ಮರುದಿನ ನಿಮ್ಮ ಬಾಗಿಲಿಗೆ ಬೀಳುವ ಪತ್ರಿಕೆಯಲ್ಲಿರುವುದು ನಿನ್ನೆಯ ಬೆಲೆ. ಕಂಪನಿಗಳು ತಮ್ಮ ಮುಖ್ಯ ನಿರ್ಧಾರಗಳನ್ನೂ ತ್ರೈಮಾಸಿಕ ಫಲಿತಾಂಶಗಳನ್ನೂ ಷೇರು ವಿನಿಮಯ ಕೇಂದ್ರಗಳಿಗೆ ತಿಳಿಸಲೇಬೇಕು, ಅವು ಬಿಎಸ್‌ಇ ಮತ್ತು ಎನ್‌ಎಸ್‌ಇ ಜಾಲತಾಣಗಳಲ್ಲಿ ಬಿಡಿಗಾಸಿನ ಖರ್ಚಿಲ್ಲದೆ ಓದಲು ಸಿಗುತ್ತವೆ. ಹೀಗಿರುವಾಗ ‘ಇಂದು ಗಮನಿಸಬೇಕಾದ ಷೇರುಗಳು’ ಎಂಬ ಪಟ್ಟಿಗಾಗಿ ಹಣ ಕೊಡುವುದರಲ್ಲಿ ಅರ್ಥವಿಲ್ಲ. ಎಸ್‌ಐಪಿ ಕಟ್ಟುವವರಿಗಂತೂ ದಿನದ ಏರಿಳಿತ ನೋಡುತ್ತ ಕೂರುವುದರಿಂದ ನಷ್ಟವೇ ಹೆಚ್ಚು: ನಾಲ್ಕು ದಿನ ಸತತವಾಗಿ ಸೂಚ್ಯಂಕ ಕುಸಿದ ಸುದ್ದಿ ಓದಿದವರಿಗೆ ಕಂತು ನಿಲ್ಲಿಸುವ ಮನಸ್ಸಾಗುತ್ತದೆ, ಅದೇ ಕಂತಿಗೆ ಫಂಡಿನ ಹೆಚ್ಚು ಯೂನಿಟ್‌ಗಳು, ಅಂದರೆ ಪಾಲುಗಳು, ಸಿಗುವ ಹೊತ್ತಿನಲ್ಲಿ.

ಹಾಗಾದರೆ ಪತ್ರಿಕೆಯಿಂದ ಏನು ಸಿಗುತ್ತದೆ ಎಂಬುದಕ್ಕೆ ನನ್ನ ಕಣ್ಣೆದುರು ನಡೆದ ಒಂದು ಪ್ರಸಂಗ ಹೇಳುತ್ತೇನೆ. 2022ರ ಮೇ 21, ಶನಿವಾರ. ಅಂದು ಸಂಜೆ ಕೇಂದ್ರ ಸರ್ಕಾರವು ಪೆಟ್ರೋಲಿನ ಮೇಲಿನ ಅಬಕಾರಿ ಸುಂಕವನ್ನು ಲೀಟರಿಗೆ 8 ರೂಪಾಯಿ, ಡೀಸೆಲಿನ ಮೇಲಿನದನ್ನು 6 ರೂಪಾಯಿ ಇಳಿಸಿತು. ಟಿ.ವಿ.ಯಲ್ಲಿ, ಮೊಬೈಲಿನಲ್ಲಿ, ಚಹಾದಂಗಡಿಯಲ್ಲಿ ಅದೊಂದೇ ಮಾತು. ಅದೇ ದಿನ ಉಕ್ಕಿನ ಹಲವು ಉತ್ಪನ್ನಗಳ ರಫ್ತಿಗೆ ಶೇ 15ರಷ್ಟು ಸುಂಕ ಬಿದ್ದಿತ್ತು, ಕಬ್ಬಿಣದ ಅದಿರಿನ ರಫ್ತು ಸುಂಕ ಶೇ 50ಕ್ಕೆ ಏರಿತ್ತು. ಅದರ ಹಿಂದಿನ ದಿನವಷ್ಟೇ ಸುಪ್ರೀಂ ಕೋರ್ಟು ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಅದಿರನ್ನು ರಫ್ತು ಮಾಡಲು ಅನುಮತಿ ಕೊಟ್ಟಿತ್ತು. ಈ ಸುಂಕವನ್ನೂ ಆ ಅನುಮತಿಯನ್ನೂ ಒಟ್ಟಿಗೆ ಇಟ್ಟು, ರಫ್ತಾಗಬೇಕಿದ್ದ ಉಕ್ಕು ಈಗ ದೇಶದೊಳಗೇ ಮಾರಾಟವಾಗಬೇಕಾದೀತು, ಬೆಲೆ ಇಳಿಯುತ್ತದೆ ಎಂಬುದನ್ನು ಬಿಡಿಸಿ ಹೇಳಿದ್ದು ಸೋಮವಾರದ ವಾಣಿಜ್ಯ ಪತ್ರಿಕೆ. ನಮ್ಮ ಸಾಹುಕಾರರು ಕಟ್ಟಡಕ್ಕೆ ಬಳಸುವ ಟಿಎಂಟಿ ಕಂಬಿಯ ಮೂರು ಲೋಡಿಗೆ ಹೇಳಿಡುವವರಿದ್ದರು. ಆ ಪುಟವನ್ನು ಗಲ್ಲೆಯ ಮೇಲೆ ಹರಡಿ ಎರಡು ಬಾರಿ ಓದಿಸಿಕೊಂಡು, ಒಂದೇ ಲೋಡ್ ಸಾಕೆಂದು ಫೋನ್ ಮಾಡಿದರು. ಮುಂದಿನ ವಾರಗಳಲ್ಲಿ ದರ ಇಳಿಯಿತು. ಆ ಸುಂಕವನ್ನು ಸರ್ಕಾರ ಹಿಂತೆಗೆದುಕೊಂಡದ್ದು ನವೆಂಬರಿನಲ್ಲಿ. ಅಷ್ಟರೊಳಗೆ ದುಬಾರಿ ದಾಸ್ತಾನು ಕಟ್ಟಿಕೊಂಡು ಕುಳಿತವರ ಪಾಡನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಸುದ್ದಿ ಮೊಬೈಲಿನಲ್ಲಿ ಇರಲಿಲ್ಲವೆಂದಲ್ಲ, ಇತ್ತು. ಆದರೆ ಮೊಬೈಲು ನಮಗೆ ಇಷ್ಟವಾದದ್ದನ್ನೇ ಮುಂದೆ ತಂದಿಡುತ್ತದೆ, ಪೆಟ್ರೋಲಿನ ಕೆಳಗೆ ಉಕ್ಕು ಮುಚ್ಚಿಹೋಗುತ್ತದೆ.

ಎರಡನೆಯದಾಗಿ, ಫಲಿತಾಂಶದ ಕೋಷ್ಟಕ ಓದುವ ಅಭ್ಯಾಸ. ನನ್ನ ಮೊದಲ ವರ್ಷದಲ್ಲಿ ಕಂಪನಿಯೊಂದರ ಲಾಭ ದುಪ್ಪಟ್ಟಾಯಿತು ಎಂಬ ಶೀರ್ಷಿಕೆ ನೋಡಿ ಹಿಗ್ಗಿದ್ದೆ. ಅದೇ ಪತ್ರಿಕೆಯ ಒಳಪುಟದಲ್ಲಿ ಆ ಕಂಪನಿ ಪ್ರಕಟಿಸಿದ್ದ, ಸಾಸಿವೆಯಷ್ಟು ಸಣ್ಣ ಅಕ್ಷರಗಳ ಕೋಷ್ಟಕವಿತ್ತು. ಸ್ಕೇಲು ಇಟ್ಟು ಸಾಲುಸಾಲಾಗಿ ಇಳಿದೆ: ವಹಿವಾಟಿನಿಂದ ಬಂದ ಆದಾಯ ಹಿಂದಿನ ವರ್ಷಕ್ಕಿಂತ ಕಡಿಮೆಯಾಗಿತ್ತು, ‘ಇತರ ಆದಾಯ’ದ ಸಾಲು ಮಾತ್ರ ಉಬ್ಬಿತ್ತು, ಕೆಳಗಿನ ಟಿಪ್ಪಣಿಯಲ್ಲಿ ಜಮೀನು ಮಾರಿದ ವಿವರವಿತ್ತು. ಜಮೀನನ್ನು ಪ್ರತಿವರ್ಷ ಮಾರಲಾಗುವುದಿಲ್ಲ. ಕಾಲೇಜಿನಲ್ಲಿ ನಾವು ಬರೆದ ಲಾಭ-ನಷ್ಟದ ತಖ್ತೆಗೆ ಜೀವ ಬಂದದ್ದು ಅಂದೇ. ನೀವೂ ಬಿ.ಕಾಂ. ಓದಿದವರಾದ್ದರಿಂದ ಇದು ನಿಮಗೆ ಇತರರಿಗಿಂತ ಬೇಗ ಒಲಿಯುತ್ತದೆ.

ಒಂದು ಎಚ್ಚರಿಕೆಯನ್ನು ಹೇಳದೆ ಇರಲಾರೆ. ಪತ್ರಿಕೆಯ ಮುಖ್ಯ ಗಳಿಕೆ ಜಾಹೀರಾತು. ಸುದ್ದಿಯ ವೇಷದಲ್ಲಿ ಬರುವ ಪ್ರಚಾರವೂ ಉಂಟು. ಮಾಧ್ಯಮ ಸಂಸ್ಥೆಗಳು ಜಾಹೀರಾತಿಗೆ ಪ್ರತಿಯಾಗಿ ಕಂಪನಿಗಳ ಷೇರುಗಳನ್ನೇ ಪಡೆಯುವ ಪರಿಪಾಠ ಬೆಳೆದಾಗ, ಅಂಥ ಕಂಪನಿಯ ಬಗ್ಗೆ ಬರೆಯುವಾಗ ತಮಗಿರುವ ಪಾಲನ್ನು ತಿಳಿಸಬೇಕೆಂದು 2010ರಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಹೇಳಬೇಕಾಯಿತು. ಆದ್ದರಿಂದ ಪುಟದ ಮೂಲೆಯಲ್ಲಿ ‘ಜಾಹೀರಾತು’, ‘ಪ್ರಾಯೋಜಿತ’ ಎಂಬ ಅರ್ಥದ ಪದವಿದೆಯೇ ಎಂದು ಮೊದಲು ನೋಡಿ, ಆಮೇಲೆ ಓದಿ.

ಭಾಷೆಯ ಅಂಜಿಕೆ ನಿಮ್ಮ ಪ್ರಶ್ನೆಯಲ್ಲಿ ಕಾಣುತ್ತದೆ, ನನಗೂ ಇತ್ತು. ಮೊದಲ ಮೂರು ವಾರ ಕಷ್ಟ, ಬಳಿಕ ಅವೇ ನೂರಿನ್ನೂರು ಪದಗಳು ಮರಳಿ ಬರುತ್ತವೆ. ಬೇಸಿಸ್ ಪಾಯಿಂಟ್ ಎಂದರೆ ಶೇಕಡಾ ಒಂದರ ನೂರನೆಯ ಒಂದು ಭಾಗ ಎಂದು ಒಮ್ಮೆ ತಿಳಿದರೆ, 2025ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಸಾಲ ಕೊಡುವ ಬಡ್ಡಿ ದರ) 25 ಬೇಸಿಸ್ ಪಾಯಿಂಟ್ ತಗ್ಗಿಸಿತು ಎಂಬ ವಾಕ್ಯ ಶೇ 6.50 ಇದ್ದದ್ದು 6.25 ಆಯಿತು ಎಂದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಅದೇ ಸುದ್ದಿಯನ್ನು ಮೊದಲು ಕನ್ನಡ ದಿನಪತ್ರಿಕೆಯ ವಾಣಿಜ್ಯ ಪುಟದಲ್ಲಿ ಓದಿ, ನಂತರ ಇಂಗ್ಲಿಷಿನದನ್ನು ಹಿಡಿಯಿರಿ. ನಾನು ಕಲಿತದ್ದು ಹೀಗೆಯೇ.

ಯಾವ ಪತ್ರಿಕೆ ಎಂಬುದು ನಿಮ್ಮ ಒಲವಿಗೆ ಬಿಟ್ಟದ್ದು. 1961ರಲ್ಲಿ ಆರಂಭವಾದ ಎಕನಾಮಿಕ್ ಟೈಮ್ಸ್‌ನಲ್ಲಿ ಕಂಪನಿ ಸುದ್ದಿಗಳ ಹರವು ದೊಡ್ಡದು. 1975ರ ಬಿಸಿನೆಸ್ ಸ್ಟ್ಯಾಂಡರ್ಡ್‌ನಲ್ಲಿ ಸರ್ಕಾರದ ನೀತಿಗಳ ಚರ್ಚೆ ನನಗೆ ಹಿಡಿಸುತ್ತದೆ. 2007ರಲ್ಲಿ ಬಂದ ಮಿಂಟ್ ಉದ್ದನೆಯ ವಿವರಣಾತ್ಮಕ ಬರಹಗಳಿಗೆ ಒಳ್ಳೆಯದು. ಆದರೆ ಹತ್ತಿ, ಒಣಮೆಣಸಿನಕಾಯಿಯ ಸೀಮೆಯವರಾದ ನಿಮಗೆ 1994ರಿಂದ ಬರುತ್ತಿರುವ ಹಿಂದೂ ಬಿಸಿನೆಸ್‌ಲೈನ್ ಒಪ್ಪಬಹುದು ಎಂದು ನನ್ನ ಅಭಿಪ್ರಾಯ, ಏಕೆಂದರೆ ಕೃಷಿ ಸರಕುಗಳಿಗೆ ಅದು ಜಾಗ ಕೊಡುತ್ತದೆ. ಗೊತ್ತಿರುವ ಪೇಟೆಯ ಸುದ್ದಿಯಿಂದ ಓದು ಆರಂಭಿಸಿದರೆ ಗೊತ್ತಿಲ್ಲದ ಪೇಟೆಯೂ ಬೇಗ ಅರ್ಥವಾಗುತ್ತದೆ.

ಚಂದಾ ಕಟ್ಟುವ ಮುನ್ನ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಹೋಗಿ ಯಾವ ವಾಣಿಜ್ಯ ಪತ್ರಿಕೆ ಬರುತ್ತದೆ ಎಂದು ವಿಚಾರಿಸಿ, ಹದಿನೈದು ದಿನ ಅಲ್ಲಿಯೇ ಓದಿ. ಆಮೇಲೆ ನಿಮ್ಮ ಓಣಿಯ ಪತ್ರಿಕಾ ಏಜೆಂಟರನ್ನು ಕಂಡು ತಿಂಗಳ ಲೆಕ್ಕದಲ್ಲಿ ಹಾಕಿಸಿಕೊಳ್ಳಿ. ಎಷ್ಟು ಗಂಟೆಗೆ ತಲುಪುತ್ತದೆ ಎಂದು ಕೇಳುವುದನ್ನು ಮರೆಯಬೇಡಿ, ನೀವು ಕೆಲಸಕ್ಕೆ ಹೊರಟ ಮೇಲೆ ಬರುವ ಪತ್ರಿಕೆ ಮಡಿಕೆ ಬಿಚ್ಚದೆಯೇ ರದ್ದಿಗೆ ಸೇರುತ್ತದೆ. ಡಿಜಿಟಲ್ ಚಂದಾ ಆರಿಸಿಕೊಂಡರೆ ರಿಯಾಯಿತಿಯ ಮೊದಲ ವರ್ಷದ ದರವನ್ನಲ್ಲ, ನವೀಕರಣದ ದರವನ್ನು ನೋಡಿ. ನನ್ನ ಖಾತೆಯಿಂದ ಒಮ್ಮೆ ಮೊದಲು ಕೊಟ್ಟದ್ದಕ್ಕಿಂತ ಎರಡೂವರೆ ಪಟ್ಟು ಹಣ ತಾನಾಗಿ ಕಡಿತವಾಗಿತ್ತು. ಈಗ ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು. ಆ ಸಂದೇಶವನ್ನು ಓದದೆ ಅಳಿಸಬೇಡಿ.

ಓದುವಾಗ ಪಕ್ಕದಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಂಡು, ದಿನಕ್ಕೊಂದು ಸುದ್ದಿಯನ್ನು ಆರಿಸಿ, ಅದು ಯಾರಿಗೆ ಲಾಭ, ಯಾರಿಗೆ ನಷ್ಟ, ಮುಂದೇನಾಗಬಹುದು ಎಂದು ಕನ್ನಡದಲ್ಲಿ ನಾಲ್ಕು ಸಾಲು ಬರೆದಿಡಿ. ಎರಡು ತಿಂಗಳ ಕೊನೆಗೆ ಕನಿಷ್ಠ ಮೂವತ್ತು ದಿನಗಳ ಬರಹ ಅದರಲ್ಲಿದ್ದರೆ ವರ್ಷದ ಚಂದಾ ಕಟ್ಟಿ. ಐದಾರು ಪುಟಕ್ಕೆ ನಿಂತಿದ್ದರೆ ಏಜೆಂಟರಿಗೆ ಬೇಡವೆಂದು ಹೇಳಿ, ವಾರಕ್ಕೊಮ್ಮೆ ರಜೆಯ ದಿನ ಗ್ರಂಥಾಲಯದಲ್ಲಿ ಕುಳಿತು ಆ ವಾರದ ಸಂಚಿಕೆಗಳನ್ನು ಓದುವುದನ್ನು ಮುಂದುವರಿಸಿ.