ವಿಂಡೋಸ್ ಮತ್ತು ಉಬುಂಟು ಎರಡಕ್ಕೂ ಒಂದೇ ಹಾರ್ಡ್ ಡಿಸ್ಕ್: ಯಾವ ಫಾರ್ಮ್ಯಾಟ್ ಸೂಕ್ತ?

ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್, ಲ್ಯಾಪ್‌ಟಾಪಿನಲ್ಲಿ ಲಿನಕ್ಸಿನ ಒಂದು ರೂಪವಾದ ಉಬುಂಟು ಇಟ್ಟುಕೊಂಡಿರುವ ತಾವು, ಎಸ್.ಪಿ. ರಸ್ತೆಯಲ್ಲಿ ಕೊಂಡ 1 ಟಿಬಿ ಹಾರ್ಡ್ ಡಿಸ್ಕನ್ನು ಎರಡಕ್ಕೂ ಹೊಂದುವಂತೆ ಹೇಗೆ ಫಾರ್ಮ್ಯಾಟ್ ಮಾಡಬೇಕೆಂದು ಕೇಳಿದ್ದೀರಿ. ಫೈಲುಗಳನ್ನು ಅಲ್ಲಿಂದಿಲ್ಲಿಗೆ ಒಯ್ಯುವುದಷ್ಟೇ ಅದರ ಕೆಲಸವಾದರೆ ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟನ್ನು, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಕ್ರಮವನ್ನು, ಆರಿಸಿಕೊಳ್ಳಿ.

ಬಸವನಗುಡಿಯ ನಮ್ಮ ಮನೆಯಲ್ಲಿ, ತಂದೆಯವರು ಕೂಡಿಟ್ಟಿದ್ದ ಸಂಗೀತ ಕಛೇರಿಗಳ ವಿಡಿಯೊ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವಾಗ, ಎಲ್ಲ ಕಡೆಯೂ ತೆರೆದುಕೊಳ್ಳುತ್ತದೆಂದು ನಾನು ಮೊದಲು ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟ್ ಇದ್ದ ಪೆನ್‌ಡ್ರೈವ್ ಬಳಸಿದೆ. ಎರಡೂವರೆ ಗಂಟೆಯ ಒಂದು ಕಛೇರಿಯ ಫೈಲು 6 ಜಿಬಿ ಇತ್ತು. ಪೆನ್‌ಡ್ರೈವಿನಲ್ಲಿ 20 ಜಿಬಿ ಖಾಲಿಯಿದ್ದರೂ ಫೈಲು ತೀರಾ ದೊಡ್ಡದೆಂದು ವಿಂಡೋಸ್ ನಿರಾಕರಿಸಿತು. ಫ್ಯಾಟ್32 ಪ್ರತಿ ಫೈಲಿನ ಗಾತ್ರವನ್ನು 32 ಬಿಟ್‌ಗಳಲ್ಲಿ ಬರೆದಿಡುವುದರಿಂದ 4 ಜಿಬಿ ತಲುಪುವ ಯಾವ ಫೈಲೂ ಅದರಲ್ಲಿ ಹಿಡಿಸುವುದಿಲ್ಲ.

ಎಕ್ಸ್‌ಫ್ಯಾಟ್‌ಗೆ ಈ ಮಿತಿಯಿಲ್ಲ. 2006ರಲ್ಲೇ ಬಂದಿದ್ದರೂ, ಮೈಕ್ರೋಸಾಫ್ಟ್ 2019ರಲ್ಲಿ ಅದರ ವಿವರಗಳನ್ನು ಬಹಿರಂಗಪಡಿಸಿದ ನಂತರವೇ ಅದು ಲಿನಕ್ಸಿನ ತಿರುಳಾದ ಕರ್ನೆಲ್ಲಿನೊಳಗೆ ಸೇರಿತು. ಹಾಗಾಗಿ ಈಚಿನ ಉಬುಂಟುವಿನಲ್ಲಿ ಬೇರೇನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಮುಂದೆ ಯಾರಾದರೂ ಮ್ಯಾಕ್ ತಂದರೆ ಅದರಲ್ಲೂ ಓದಬಹುದು, ಬರೆಯಬಹುದು. ವಿಂಡೋಸಿನದೇ ಫಾರ್ಮ್ಯಾಟ್ ಆದ ಎನ್‌ಟಿಎಫ್‌ಎಸ್ ಇರುವ ಡಿಸ್ಕನ್ನು ಮ್ಯಾಕ್ ಓದುತ್ತದೆಯೇ ಹೊರತು ತಾನಾಗಿ ಅದಕ್ಕೆ ಬರೆಯುವುದಿಲ್ಲ.

ವಿಂಡೋಸ್ ಮತ್ತು ಉಬುಂಟು ಎರಡೇ ಆದರೆ ಎನ್‌ಟಿಎಫ್‌ಎಸ್ ಕೂಡ ನಡೆಯುತ್ತದೆ. ಆದರೆ ವಿಂಡೋಸನ್ನು ಬೇಗ ಶುರುಮಾಡುವ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಚಾಲೂ ಇದ್ದರೆ, ಕಂಪ್ಯೂಟರ್ ಆಫ್ ಮಾಡಿದಾಗಲೂ ಡಿಸ್ಕಿನ ಲೆಕ್ಕ ಪೂರ್ತಿ ಮುಗಿದಿರುವುದಿಲ್ಲ, ಆಗ ಉಬುಂಟು ಅದನ್ನು ಓದಲು ಮಾತ್ರ ಬಿಡಬಹುದು. ಇನ್ನು ಲಿನಕ್ಸಿನ ಫಾರ್ಮ್ಯಾಟ್ ಆದ ಎಕ್ಸ್‌ಟಿ4 ಅನ್ನು ವಿಂಡೋಸ್ ತಾನಾಗಿ ಗುರುತಿಸುವುದಿಲ್ಲವಾದ್ದರಿಂದ ಅದನ್ನು ಬಿಟ್ಟುಬಿಡಿ.

ಎಕ್ಸ್‌ಫ್ಯಾಟ್‌ನ ಕೊರತೆಯನ್ನೂ ಹೇಳಲೇಬೇಕು. ಎನ್‌ಟಿಎಫ್‌ಎಸ್‌ನಲ್ಲಿರುವ ಜರ್ನಲ್, ಅಂದರೆ ಮಾಡಹೊರಟ ಬದಲಾವಣೆಯನ್ನು ಮೊದಲೇ ಬರೆದಿಟ್ಟುಕೊಳ್ಳುವ ಏರ್ಪಾಡು, ಇದರಲ್ಲಿಲ್ಲ. ಮುಂಗಾರಿನ ಮೊದಲ ಮಳೆಗೆ ನಮ್ಮ ಬೀದಿಯಲ್ಲಿ ಕರೆಂಟು ಹೋದಾಗ ಯುಪಿಎಸ್ ಇಲ್ಲದ ಕಂಪ್ಯೂಟರಿನಿಂದ ನಮ್ಮ ಎಕ್ಸ್‌ಫ್ಯಾಟ್ ಡಿಸ್ಕಿಗೆ ಕಾಪಿ ಆಗುತ್ತಿತ್ತು. ಕರೆಂಟು ಬಂದ ಮೇಲೆ ನೋಡಿದರೆ ಮೂರು ಕಛೇರಿಗಳಿದ್ದ ಒಂದು ಫೋಲ್ಡರ್ ತೆರೆಯಲೇ ಇಲ್ಲ. ಮೂಲ ಕ್ಯಾಸೆಟ್ಟುಗಳು ಇದ್ದವಾದ್ದರಿಂದ ಆ ಮೂರು ಕಛೇರಿಗಳು ಉಳಿದವು. ಆದ್ದರಿಂದ ಈ ಡಿಸ್ಕಿನಲ್ಲಿರುವುದರ ಇನ್ನೊಂದು ಪ್ರತಿಯನ್ನು ಬೇರೆಡೆ ಇಡದೆ ಇರಬೇಡಿ. ಉಬುಂಟುವಿನ ಫೈಲ್ ಪರ್ಮಿಷನ್ನುಗಳೂ, ಅಂದರೆ ಯಾವ ಫೈಲನ್ನು ಯಾರು ಓದಬಹುದು, ಬರೆಯಬಹುದು ಎಂಬ ಗುರುತುಗಳೂ, ಎಕ್ಸ್‌ಫ್ಯಾಟ್‌ನಲ್ಲಿ ಉಳಿಯುವುದಿಲ್ಲ. ಅವು ಬೇಕಾದ ಫೋಲ್ಡರುಗಳನ್ನು ಟಾರ್ ಮಾಡಿ, ಅಂದರೆ ಒಂದೇ ಫೈಲಾಗಿ ಕಟ್ಟಿ, ಹಾಕಿ.

ಒಂದು ವಿಷಯಕ್ಕೆ ವಿಶೇಷವಾಗಿ ಗಮನ ಕೊಡಿ. ಉಬುಂಟುವಿನಲ್ಲಿ ಕಾಪಿ ಎಷ್ಟಾಯಿತೆಂದು ತೋರಿಸುವ ಪಟ್ಟಿ ಪೂರ್ತಿ ತುಂಬಿದ ಮೇಲೂ ಮೆಮೊರಿಯಲ್ಲಿ ಉಳಿದ ಭಾಗ ಡಿಸ್ಕಿಗೆ ಹೋಗುತ್ತಲೇ ಇರುತ್ತದೆ. ಎಜೆಕ್ಟ್ ಒತ್ತಿ, ತೆಗೆಯಬಹುದೆಂಬ ಸೂಚನೆ ಬರುವವರೆಗೆ, ಅದು ಎರಡು ನಿಮಿಷವಾದರೂ ಸರಿಯೇ, ಕಾದು ಆಮೇಲೆ ಕೇಬಲ್ ಕೀಳಿ.