ಪಾದಕ್ಕೆ ಹೊಂದುವ ಬೂಟು, ಮೈತೂಕಕ್ಕೆ ಒಪ್ಪುವ ಸಾಣೆ: ಐಸ್ ಹಾಕಿ ಪ್ರಶ್ನೋತ್ತರ

ಐಸ್ ಹಾಕಿಯ ಸಲಕರಣೆಗಳ ಬಗ್ಗೆ ಪ್ರಶ್ನೆಗಳಿದ್ದರೆ ಬರೆಯಿರೆಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಕೆನಡಾದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳವು, ಒಂದು ಲಡಾಖಿನಿಂದ ಬಂದದ್ದು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಐದನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಹತ್ತು ವರ್ಷದ ಮಗ ಈ ಚಳಿಗಾಲದಲ್ಲಿ ಮೊದಲ ಬಾರಿಗೆ ಹಾಕಿ ತಂಡ ಸೇರುತ್ತಿದ್ದಾನೆ. ಅವನ ಶೂ ಅಳತೆ 4. ಅಂಗಡಿಯವರು 3ರ ಸ್ಕೇಟ್ (ಅಡಿಯಲ್ಲಿ ಉಕ್ಕಿನ ಬ್ಲೇಡಿರುವ ಬೂಟು) ಕೊಟ್ಟು ಇದೇ ಸರಿ ಎನ್ನುತ್ತಿದ್ದಾರೆ. ಬೆಳೆಯುವ ಹುಡುಗ, ಎರಡು ವರ್ಷವಾದರೂ ಬಾಳಿಕೆ ಬರಲಿ ಎಂದು 5ರ ಅಳತೆಯದನ್ನು ಕೊಂಡು ದಪ್ಪ ಕಾಲುಚೀಲ ಹಾಕಿಸಬಾರದೇ? — ಓದುಗರೊಬ್ಬರು, ಮಿಸಿಸಾಗಾ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಶಾಲೆಯ ಶೂ, ಮಳೆಗಾಲದ ಚಪ್ಪಲಿ, ಹಬ್ಬದ ಅಂಗಿ ಎಲ್ಲವನ್ನೂ ಒಂದು ಅಳತೆ ದೊಡ್ಡದಾಗಿಯೇ ಕೊಳ್ಳುವುದು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಬಂದ ಜಾಣತನ. ಸ್ಕೇಟಿನ ವಿಷಯದಲ್ಲಿ ಮಾತ್ರ ಅದು ಮಗುವಿಗೆ ಹಾನಿ ಮಾಡುತ್ತದೆ. ಹಾಕಿ ಸ್ಕೇಟಿನ ಅಳತೆಯ ಸಂಖ್ಯೆ ಸಾಮಾನ್ಯ ಶೂವಿಗಿಂತ ಒಂದರಿಂದ ಒಂದೂವರೆ ಕಡಿಮೆ ಇರುತ್ತದೆ; ಆದ್ದರಿಂದ 4ರ ಶೂ ತೊಡುವ ಹುಡುಗನಿಗೆ ಎರಡೂವರೆ ಅಥವಾ 3ರ ಸ್ಕೇಟ್ ಎಂದರೆ ಚಿಕ್ಕದು ಎಂದೇನೂ ಅರ್ಥವಲ್ಲ.

ಇಡೀ ಮೈಭಾರವನ್ನು ಸುಮಾರು 3 ಮಿಲಿಮೀಟರ್ ಅಗಲದ ಉಕ್ಕಿನ ಪಟ್ಟಿಯ ಮೇಲೆ ಹೊತ್ತು ತಿರುಗುವಾಗ, ಬೂಟಿನೊಳಗೆ ಪಾದ ಒಂದಿಷ್ಟು ಜರುಗಿದರೂ ಆ ಜರುಗಾಟವನ್ನು ತಡೆಯುವ ಹೊಣೆ ಕಾಲಿನ ಗಂಟಿನ ಮೇಲೆ ಬೀಳುತ್ತದೆ, ಗಂಟು ಒಳಕ್ಕೆ ಬಾಗುತ್ತದೆ. ಇಂತಹ ಮಕ್ಕಳನ್ನು ಕಂಡು 'ಕಾಲಿನಲ್ಲಿ ಶಕ್ತಿಯಿಲ್ಲ' ಎಂದು ಹೆತ್ತವರು ಬೇಸರಪಡುವುದನ್ನು ಹಲವು ಸಲ ನೋಡಿದ್ದೇನೆ. ನನ್ನ ಮಗಳಿಗೂ ಮೊದಲ ವರ್ಷ ನಾನು ದೊಡ್ಡ ಬೂಟನ್ನೇ ತೊಡಿಸಿದ್ದೆ. ಸರಿಯಾದ ಅಳತೆಯದನ್ನು ತೊಡಿಸಿದ ವಾರದಲ್ಲೇ ಅವಳು ನೆಟ್ಟಗೆ ನಿಂತಳು. ಕಳೆದುಹೋದ ಆ ವರ್ಷದ ಬಗ್ಗೆ ನನಗೆ ಈಗಲೂ ನೋವಿದೆ.

ಅಂಗಡಿಯಲ್ಲಿ ಮಾಡಬೇಕಾದದ್ದು ಇಷ್ಟು. ತೆಳುವಾದ ಒಂದೇ ಕಾಲುಚೀಲ ಹಾಕಿಸಿ, ಲೇಸನ್ನು ಪೂರ್ತಿ ಸಡಿಲಿಸಿ, ಪಾದ ಒಳಗೆ ಹೋದ ಮೇಲೆ ಹಿಮ್ಮಡಿಯನ್ನು ನೆಲಕ್ಕೆ ಮೆಲ್ಲನೆ ಕುಟ್ಟಿಸಿ ಹಿಂದಕ್ಕೆ ಕೂರಿಸಿ, ಆಮೇಲೆ ಲೇಸು ಕಟ್ಟಿ. ನೇರವಾಗಿ ನಿಂತಾಗ ಹೆಬ್ಬೆರಳು ಬೂಟಿನ ತುದಿಯನ್ನು ಸವರಬೇಕು. ಮಂಡಿ ಬಗ್ಗಿಸಿ ಆಟಗಾರನ ಭಂಗಿಯಲ್ಲಿ ನಿಂತಾಗ ಬೆರಳು ತುಸು ಹಿಂದೆ ಸರಿಯಬೇಕು. ಹಿಮ್ಮಡಿ ಮಾತ್ರ ಎಳ್ಳಷ್ಟೂ ಮೇಲೇಳಬಾರದು. ಬೆಳೆಯುವ ಮಗುವಿಗೆ ಅರ್ಧ ಅಳತೆಯ ವಿನಾಯಿತಿ ಕೊಡಬಹುದು, ಅದಕ್ಕಿಂತ ಹೆಚ್ಚು ಬೇಡ. ಲೇಸು ಬಿಚ್ಚಿ ಪಾದವನ್ನು ಮುಂದಕ್ಕೆ ಒತ್ತಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ತೂರಿದರೆ ಅದೇ ಕೊನೆಯ ಮಿತಿ.

ಉದ್ದಕ್ಕಿಂತ ಹೆಚ್ಚಾಗಿ ಜನ ತಪ್ಪುವುದು ಅಗಲ ಮತ್ತು ಆಳದಲ್ಲಿ. ಬೌವರ್ ಕಂಪನಿ ತನ್ನ ಬೂಟುಗಳನ್ನು ಫಿಟ್ 1, ಫಿಟ್ 2, ಫಿಟ್ 3 ಎಂದು, ಸಿಸಿಎಂ ಕಂಪನಿ ಟೇಪರ್ಡ್, ರೆಗ್ಯುಲರ್, ವೈಡ್ ಎಂದು ವಿಂಗಡಿಸುತ್ತವೆ; ಎರಡರಲ್ಲೂ ಮೊದಲನೆಯದು ಕಿರಿದಾದ, ತೆಳುವಾದ ಪಾದಕ್ಕೆ, ಕೊನೆಯದು ಅಗಲವಾದ, ಎತ್ತರದ ಪಾದಕ್ಕೆ. ಆಳವನ್ನು ತಿಳಿಯಲು ಒಂದು ಪೆನ್ಸಿಲ್ ಸಾಕು. ಲೇಸು ಸಡಿಲವಿರುವಾಗ, ಮೇಲಿನಿಂದ ಮೂರನೇ ಜೋಡಿ ತೂತುಗಳ ಮೇಲೆ ಪೆನ್ಸಿಲನ್ನು ಅಡ್ಡಲಾಗಿ ಇಡಿ. ಎರಡು ಬದಿಗೂ ಅದು ಸಮನಾಗಿ ಕೂತರೆ ಆಳ ಸರಿಯಿದೆ. ಪಾದ ಪೆನ್ಸಿಲನ್ನು ಮೇಲಕ್ಕೆತ್ತಿದರೆ ಆ ಬೂಟು ಅವನಿಗೆ ಆಗದು, ಬೆಲೆ ಎಷ್ಟೇ ಕಡಿಮೆಯಿದ್ದರೂ ಬಿಟ್ಟುಬಿಡಿ. ಹಣದ ಚಿಂತೆ ನ್ಯಾಯವಾದದ್ದೇ. ಮಕ್ಕಳು ಒಂದೆರಡು ವರ್ಷದಲ್ಲಿ ಬಿಟ್ಟ ಸ್ಕೇಟುಗಳು ಕೆನಡಾದಲ್ಲಿ ಬಳಸಿದ ಸಾಮಾನುಗಳ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಬ್ಲೇಡಿನಲ್ಲಿ ಇನ್ನೂ ಸಾಕಷ್ಟು ಉಕ್ಕು ಉಳಿದಿದೆಯೇ, ಗಂಟಿನ ಭಾಗ ಹಿಂಡಿದರೆ ಗಟ್ಟಿಯಾಗಿದೆಯೇ ಎಂದು ನೋಡಿ ಕೊಳ್ಳಿ. ದೊಡ್ಡ ಅಳತೆಯ ಹೊಸ ಬೂಟಿಗಿಂತ ಸರಿ ಅಳತೆಯ ಹಳೆಯ ಬೂಟು ನೂರು ಪಾಲು ಮೇಲು.

ಪ್ರಶ್ನೆ: ನಲವತ್ತು ದಾಟಿದ ಮೇಲೆ ಆಟ ಕಲಿಯಲು ಹೊರಟಿದ್ದೇನೆ. ಹೊಸ ಸ್ಕೇಟ್ ತೊಟ್ಟ ಇಪ್ಪತ್ತು ನಿಮಿಷಕ್ಕೆ ಹೊರಗಿನ ಗಂಟಿನ ಮೂಳೆ ಉರಿಯುತ್ತದೆ, ಪಾದದ ಮೇಲ್ಭಾಗವೂ ನೋಯುತ್ತದೆ. ಬೂಟನ್ನು ಕಾಯಿಸಿದರೆ ಸರಿಹೋಗುತ್ತದೆಂದು ಗೆಳೆಯರು ಹೇಳುತ್ತಾರೆ. ಮನೆಯ ಓವನ್‌ನಲ್ಲಿ ಮಾಡಬಹುದೇ? — ಓದುಗರೊಬ್ಬರು, ಎಡ್ಮಂಟನ್

ಉತ್ತರ: ಮನೆಯ ಓವನ್ ಬೇಡ. ಅದರ ಶಾಖ ಎಲ್ಲೆಡೆ ಒಂದೇ ಸಮನಿರುವುದಿಲ್ಲ. ಅಂಟು ಬಿಟ್ಟುಕೊಂಡರೆ ಬೂಟು ಹಾಳಾಗುತ್ತದೆ. ಸ್ಕೇಟ್ ಅಂಗಡಿಗಳಲ್ಲಿ ಇದಕ್ಕೆಂದೇ ಇರುವ ಓವನ್‌ನಲ್ಲಿ ಸುಮಾರು 80 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕೆಲವು ನಿಮಿಷ ಬೂಟನ್ನು ಇಟ್ಟು, ಮೆತ್ತಗಾದ ಕೂಡಲೇ ನಿಮ್ಮ ಕಾಲಿಗೆ ತೊಡಿಸುತ್ತಾರೆ. ಆಗ ಲೇಸನ್ನು ಮೇಲಕ್ಕೆ ಜಗ್ಗದೆ ಪಕ್ಕಕ್ಕೆ ಎಳೆದು ಬಿಗಿಯಬೇಕು, ಇಲ್ಲವಾದರೆ ಬಿಸಿಯಲ್ಲಿ ತೂತಿನ ಬಳೆಗಳು ಕಿತ್ತು ಬರುತ್ತವೆ. ಹತ್ತು ಹದಿನೈದು ನಿಮಿಷ ಅಲುಗಾಡದೆ ಕುಳಿತಿರಬೇಕು, ಎದ್ದು ಓಡಾಡಬಾರದು, ಮರುದಿನದವರೆಗೆ ಮಂಜುಗಡ್ಡೆಗೆ ಇಳಿಯಬಾರದು.

ಕಾಯಿಸುವುದರಿಂದ ಪಾದದ ಆಕಾರಕ್ಕೆ ಬೂಟು ಒಗ್ಗುತ್ತದೆ, ಆದರೆ ಕಿರಿದಾದ ಬೂಟು ಅಗಲವಾಗುವುದಿಲ್ಲ. ಒಂದೇ ಜಾಗದ ಉರಿಗೆ ಬೇರೆಯೇ ಉಪಾಯವಿದೆ: ಮೂಳೆ ತಾಗುವ ಜಾಗವನ್ನು ಗುರುತು ಮಾಡಿಸಿ, ಅಷ್ಟನ್ನೇ ಒಳಗಿನಿಂದ ಒತ್ತಿ ಉಬ್ಬಿಸುವುದು. ಇದನ್ನು ಅಂಗಡಿಯವರು 'ಪಂಚ್' ಎನ್ನುತ್ತಾರೆ. ಪಾದದ ಮೇಲ್ಭಾಗದ ನೋವು ಹೆಚ್ಚಾಗಿ ಲೇಸಿನ ಒತ್ತಡದಿಂದ ಬಂದದ್ದು. ಮೇಲಿನ ತೂತನ್ನು ಬಿಟ್ಟು ಕಟ್ಟಿ ನೋಡಿ, ಬೂಟಿನ ನಾಲಿಗೆಯ ಕೆಳಗೆ ಜೆಲ್ ಪಟ್ಟಿ ಇಟ್ಟು ನೋಡಿ. ಎರಡರಿಂದಲೂ ನೋವು ಇಳಿಯದಿದ್ದರೆ ಬೂಟಿನ ಆಳವೇ ನಿಮಗೆ ಸಾಲದು. ಮೇಲೆ ಹೇಳಿದ ಪೆನ್ಸಿಲ್ ಪರೀಕ್ಷೆ ಅದನ್ನು ಖಚಿತಪಡಿಸುತ್ತದೆ.

ಪ್ರಶ್ನೆ: ಸಾಣೆ ಹಿಡಿಸಲು ಹೋದಾಗಲೆಲ್ಲ 'ಹಾಲೊ ಎಷ್ಟು?' ಎಂದು ಕೇಳುತ್ತಾರೆ. ಗೊತ್ತಿಲ್ಲದೆ ಅರ್ಧ ಇಂಚು ಎನ್ನುತ್ತೇನೆ. ಕೆಲವು ಸಲ ಬ್ಲೇಡು ನೆಲವನ್ನು ಕಚ್ಚಿಕೊಂಡು ನಿಲ್ಲಲು ಬಿಡುವುದಿಲ್ಲ, ಕೆಲವು ಸಲ ಬದಿಗೆ ಜಾರಿ ಬೀಳಿಸುತ್ತದೆ. ಇದರ ಮರ್ಮವೇನು? — ವಿದ್ಯಾರ್ಥಿನಿ, ವಾಟರ್‌ಲೂ

ಉತ್ತರ: ಬಂದ ಪತ್ರಗಳಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ ಇದು. ಸೈಕಲ್ಲಿಗೆ ಕಲ್ಲಿನ ಚಕ್ರ ಕಟ್ಟಿಕೊಂಡು ಚಾಕು ಕತ್ತರಿಗೆ ಸಾಣೆ ಹಿಡಿಯಲು ಬೀದಿಗೆ ಬರುವವರನ್ನು ನೀವು ಊರಿನಲ್ಲಿ ಕಂಡಿರಬಹುದು. ಚಾಕುವಿನ ಎರಡು ಮುಖಗಳು ಸೇರಿ ಒಂದೇ ಬಾಯಿಯಾಗುತ್ತದೆ. ಸ್ಕೇಟಿನ ಬ್ಲೇಡಿಗೆ ಬಾಯಿ ಎರಡು. ದುಂಡಗೆ ತೀಡಿದ ಅಂಚಿರುವ ಕಲ್ಲಿನ ಚಕ್ರವನ್ನು ಬ್ಲೇಡಿನ ತಳದ ಉದ್ದಕ್ಕೂ ಹಾಯಿಸಿದಾಗ ನಡುವೆ ಒಂದು ಕಾಲುವೆ ಮೂಡಿ, ಅದರ ಎರಡು ದಡಗಳು ಒಳ ಅಂಚು, ಹೊರ ಅಂಚು ಆಗುತ್ತವೆ. ಆ ಕಾಲುವೆಯೇ ಹಾಲೊ. ಅರ್ಧ ಇಂಚು ಎಂದರೆ ಕಾಲುವೆಯ ಆಳವಲ್ಲ. ಕಾಲುವೆಯ ಕಮಾನು ಯಾವ ವೃತ್ತದ ತುಣುಕೋ ಆ ವೃತ್ತದ ತ್ರಿಜ್ಯ. ಆದ್ದರಿಂದ ಸಂಖ್ಯೆ ಚಿಕ್ಕದಾದಷ್ಟೂ ಕಾಲುವೆ ಆಳವಾಗುತ್ತದೆ, ಅಂಚು ಚೂಪಾಗುತ್ತದೆ, ಹಿಡಿತ ಹೆಚ್ಚುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ತಳ ಚಪ್ಪಟೆಯಾಗಿ ಜಾರುವಿಕೆ ಸಲೀಸಾಗುತ್ತದೆ. 3 ಮಿಲಿಮೀಟರ್ ಅಗಲದ ಬ್ಲೇಡಿನಲ್ಲಿ ಅರ್ಧ ಇಂಚಿನ ಹಾಲೊದ ಆಳ ಲೆಕ್ಕ ಹಾಕಿದರೆ 1 ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಕಣ್ಣಿಗೆ ಕಾಣದಷ್ಟು ಕಿರಿದಾದ ಈ ತಗ್ಗು ಇಡೀ ಆಟವನ್ನು ಬದಲಿಸಬಲ್ಲದು ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಅರ್ಧ ಇಂಚು ಹೆಚ್ಚಿನವರಿಗೆ ಒಳ್ಳೆಯ ಆರಂಭ. ಮೈತೂಕ ಹೆಚ್ಚಿದ್ದವರ ಅಂಚು ತಾನಾಗಿಯೇ ಆಳಕ್ಕೆ ಇಳಿಯುವುದರಿಂದ ಅವರಿಗೆ 5/8 ಇಂಚು ಅಥವಾ ಅದಕ್ಕಿಂತ ಚಪ್ಪಟೆಯಾದದ್ದು ಸಾಕಾಗುತ್ತದೆ. ಹಗುರ ಮೈಯವರಿಗೆ, ಬಿರುಸಾಗಿ ತಿರುಗುವವರಿಗೆ 3/8 ಇಂಚಿನ ಕಡೆಗೆ ಹೋಗುವ ಆಸೆಯಾಗುತ್ತದೆ. ಮಂಜುಗಡ್ಡೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಾಕಿಯ ಮಂಜು ಸಾಮಾನ್ಯವಾಗಿ ಸೊನ್ನೆಗಿಂತ 5–6 ಡಿಗ್ರಿ ಕೆಳಗಿದ್ದು ಗಟ್ಟಿಯಾಗಿರುತ್ತದೆ. ಜನಸಂದಣಿಯಿಂದ ಮೆತ್ತಗಾದ ಮಂಜಿನಲ್ಲಿ ಆಳದ ಹಾಲೊ ಹೂತುಕೊಂಡು ಕಾಲನ್ನು ಹಿಡಿದೆಳೆದಂತಾಗುತ್ತದೆ. ನಿಲ್ಲಲು ಬಿಡದೆ ಕಚ್ಚಿಕೊಳ್ಳುತ್ತದೆ ಎಂದು ನೀವು ಬರೆದಿರುವುದು ಬಹುಶಃ ಇಂತಹ ದಿನಗಳ ಅನುಭವ. ಬದಲಾಯಿಸುವುದಾದರೆ ಒಂದು ಸಲಕ್ಕೆ 1/16 ಇಂಚಿನಷ್ಟು ಮಾತ್ರ ಬದಲಾಯಿಸಿ, ಮೂರು ನಾಲ್ಕು ಆಟ ಆಡಿ ನೋಡಿ, ಆಮೇಲೆ ಮುಂದಿನ ಹೆಜ್ಜೆ ಇಡಿ.

ಆದರೆ ಬದಿಗೆ ಜಾರಿ ಬೀಳಿಸುವುದಕ್ಕೆ ಹಾಲೊ ಕಾರಣವಲ್ಲದೆ ಇರಬಹುದು. ಎರಡು ಅಂಚುಗಳಲ್ಲಿ ಒಂದು ಎತ್ತರ, ಒಂದು ತಗ್ಗು ಆಗಿದ್ದರೆ ಎಷ್ಟೇ ಹರಿತವಾದ ಬ್ಲೇಡೂ ಕೈಕೊಡುತ್ತದೆ. ಸ್ಕೇಟನ್ನು ತಲೆಕೆಳಗಾಗಿ ಹಿಡಿದು, ಎರಡು ಅಂಚುಗಳ ಮೇಲೆ ಒಂದು ನಾಣ್ಯವನ್ನು ಅಡ್ಡಲಾಗಿ ಇಟ್ಟು, ಕಣ್ಣಿನ ಮಟ್ಟಕ್ಕೆ ತಂದು ನೋಡಿ. ನಾಣ್ಯ ಬ್ಲೇಡಿಗೆ ಲಂಬವಾಗಿರದೆ ಒಂದು ಬದಿಗೆ ವಾಲಿದ್ದರೆ ಅಂಗಡಿಗೆ ಹಿಂದಿರುಗಿಸಿ, ಸಂಕೋಚಪಡಬೇಡಿ. ಅಂಚು ಹರಿತವಿದೆಯೇ ಎಂದು ತಿಳಿಯಲು ಬೆರಳನ್ನು ಸವರಬಾರದು. ಉಗುರನ್ನು ಅಂಚಿಗೆ ಅಡ್ಡಲಾಗಿ ಮೆಲ್ಲನೆ ಎಳೆದಾಗ ತೆಳ್ಳನೆಯ ಹೊಟ್ಟು ಬಂದರೆ ಸಾಕು. ಇದನ್ನು ಮುಂದಿನಿಂದ ಹಿಂದಿನವರೆಗೆ ಎರಡು ಅಂಚಿನಲ್ಲೂ ಮೂರು ನಾಲ್ಕು ಕಡೆ ಮಾಡಬೇಕು, ಏಕೆಂದರೆ ಗೋಲಿನ ಕಂಬಕ್ಕೋ ಬೇರೆಯವರ ಬ್ಲೇಡಿಗೋ ತಾಗಿ ಒಂದೇ ಜಾಗ ಮೊಂಡಾಗಿರುವುದು ಸಾಮಾನ್ಯ. ಸಾಣೆಯ ನಂತರ ಅಂಚಿನ ಪಕ್ಕದಲ್ಲಿ ಉಳಿಯುವ ಲೋಹದ ಸಿಬಿರನ್ನು ಚಿಕ್ಕ ನಯವಾದ ಕಲ್ಲಿನಿಂದ ಉಜ್ಜಿ ತೆಗೆಯದಿದ್ದರೂ ಮೊದಲ ಹತ್ತು ನಿಮಿಷ ಬ್ಲೇಡು ತಪ್ಪಾಗಿ ನಡೆದುಕೊಳ್ಳುತ್ತದೆ.

ಸುಮಾರು ಹತ್ತರಿಂದ ಹದಿನೈದು ಗಂಟೆಗಳ ಆಟಕ್ಕೊಮ್ಮೆ ಸಾಣೆ ಹಿಡಿಸಿದರೆ ಸಾಕು. ಪ್ರತಿ ಸಲವೂ ಒಂದಿಷ್ಟು ಉಕ್ಕು ಸವೆದುಹೋಗುತ್ತದೆಂಬುದು ನೆನಪಿರಲಿ. ಹೊಸ ಸ್ಕೇಟಿಗೆ ಮೊದಲು ಸಾಣೆ ಹಿಡಿಸದೆ ಇಳಿಯಬೇಡಿ, ಹೆಚ್ಚಿನವು ಮೊಂಡಾಗಿಯೇ ಬರುತ್ತವೆ. ಬ್ಲೇಡಿನ ಉದ್ದದ ಬಾಗು ಎಂಬುದು ಮತ್ತೊಂದು ವಿಷಯ. ಸಾಮಾನ್ಯವಾಗಿ ಅದರ ತ್ರಿಜ್ಯ 9ರಿಂದ 11 ಅಡಿ ಇರುತ್ತದೆ, ಗೋಲ್‌ಕೀಪರ್‌ಗಳ ಬ್ಲೇಡು ಇದಕ್ಕಿಂತ ಬಹಳ ಚಪ್ಪಟೆ. ಹಾಲೊ ನಿಮಗೆ ಪಳಗುವವರೆಗೆ ಅದನ್ನು ಮುಟ್ಟಬೇಡಿ, ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದೇ ಇಲ್ಲ.

ಪ್ರಶ್ನೆ: ಮಗಳಿಗೆ ಕೈಗವಸು ಆರಿಸುವುದು ಹೇಗೆ? ಬ್ಲೇಡಿನಿಂದ ಗಾಯವಾಗುವ ಭಯವೂ ಇದೆ. ಅಂಚನ್ನು ಮೊಂಡಾಗಿ ಇಡಿಸಿದರೆ ಒಳ್ಳೆಯದಲ್ಲವೇ? — ತಾಯಿಯೊಬ್ಬರು, ಒಟ್ಟಾವ

ಉತ್ತರ: ಕೈಗವಸಿನ ಅಳತೆ ಇಂಚುಗಳಲ್ಲಿದೆ: ಚಿಕ್ಕ ಮಕ್ಕಳಿಗೆ 8–9, ಅವರಿಗಿಂತ ದೊಡ್ಡವರಿಗೆ 10–12, ವಯಸ್ಕರಿಗೆ 13–15. ಬೆರಳ ತುದಿ ಒಳಗೆ ಒತ್ತಿಕೊಳ್ಳಬಾರದು; ಕೋಲು ಹಿಡಿದು ತಿರುಗಿಸುವಾಗ ಮಣಿಕಟ್ಟು ತಡೆಯಿಲ್ಲದೆ ಆಡಬೇಕು; ಕೈಗವಸಿಗೂ ಮೊಣಕೈ ಕವಚಕ್ಕೂ ನಡುವೆ ಬರಿಗೈ ಹೆಚ್ಚಾಗಿ ಕಾಣಬಾರದು. ಅಂಗೈ ಭಾಗ ಸವೆದು ತೂತಾದರೆ ಹೊಸ ಅಂಗೈ ಹೊಲಿಸಬಹುದು. ಬೆತ್ತಲೆ ಕೈಯ ಹಿಡಿತಕ್ಕಾಗಿ ಅಂಗೈಯನ್ನು ಕತ್ತರಿಸಿದ ಕೈಗವಸು ನಿಯಮಕ್ಕೆ ವಿರುದ್ಧ. ಆಟ ಮುಗಿದ ಮೇಲೆ ಗಾಳಿಯಲ್ಲಿ ಒಣಗಿಸಿ, ಹೀಟರಿನ ಮೇಲೆ ಇಟ್ಟರೆ ಅಂಗೈ ಸೆಟೆದುಕೊಳ್ಳುತ್ತದೆ.

ನಿಮ್ಮ ಭಯವನ್ನು ಹಗುರವಾಗಿ ಕಾಣಲಾರೆ. 2023ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಡಮ್ ಜಾನ್ಸನ್ ಎಂಬ ಆಟಗಾರ ಕುತ್ತಿಗೆಗೆ ಬ್ಲೇಡು ತಾಗಿ ಆಟದ ನಡುವೆಯೇ ತೀವ್ರವಾಗಿ ಗಾಯಗೊಂಡು ತೀರಿಕೊಂಡರು. ಆದರೆ ಮೊಂಡು ಬ್ಲೇಡೂ ವೇಗದಲ್ಲಿ ಚರ್ಮವನ್ನು ಸೀಳಬಲ್ಲದು, ಅದರ ಮೇಲೆ ಅದನ್ನು ತೊಟ್ಟವಳಿಗೆ ನಿಲ್ಲಲೂ ಆಗದು. ರಕ್ಷಣೆ ಇರುವುದು ಕುತ್ತಿಗೆಯ ಕವಚದಲ್ಲಿ, ಮಣಿಕಟ್ಟಿನ ಕವಚದಲ್ಲಿ, ಸೀಳದ ನೂಲಿನ ಕಾಲುಚೀಲದಲ್ಲಿ. ಅವುಗಳಿಗೆ ಹಣ ಹಾಕಿ, ಕೈಗವಸಿನಲ್ಲಿ ಉಳಿಸಬೇಕಾದರೂ ಚಿಂತೆಯಿಲ್ಲ.

ಪ್ರಶ್ನೆ: ಧಾರವಾಡದವನು, ಕೆಲಸದ ಮೇಲೆ ಲೇಹ್‌ನಲ್ಲಿದ್ದೇನೆ. ಇಲ್ಲಿನ ಹೆಪ್ಪುಗಟ್ಟಿದ ಕೊಳದಲ್ಲಿ ಸ್ಥಳೀಯರೊಂದಿಗೆ ಆಡುತ್ತೇನೆ. ಎರಡೇ ದಿನಕ್ಕೆ ಬ್ಲೇಡು ಮೊಂಡಾಗುತ್ತದೆ, ತುಕ್ಕೂ ಹಿಡಿಯುತ್ತಿದೆ. — ಓದುಗರೊಬ್ಬರು, ಲೇಹ್

ಉತ್ತರ: ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ಏಷ್ಯಾ ಕಪ್‌ನ ಕಂಚು ಗೆದ್ದ ಭಾರತದ ಮಹಿಳಾ ಐಸ್ ಹಾಕಿ ತಂಡದ ಅನೇಕರು ನೀವಿರುವ ನೆಲದ ಇಂತಹ ಮಂಜಿನಲ್ಲೇ ಆಟ ಕಲಿತವರು. ಬ್ಲೇಡು ಬೇಗ ಮೊಂಡಾಗುವುದಕ್ಕೆ ಕಾರಣ ಗಾಳಿ ತಂದು ಹರಡುವ ದೂಳು ಮತ್ತು ಮರಳು; ಮಂಜಿನ ಮೇಲ್ಪದರದಲ್ಲಿ ಸೇರಿಕೊಂಡ ಅದು ಅಂಚನ್ನು ಅರದಂತೆ ತಿನ್ನುತ್ತದೆ. ಆಟಕ್ಕೆ ಮುನ್ನ ಕೊಳವನ್ನು ಗುಡಿಸಿ, ಸಾಧ್ಯವಾದರೆ ಹಿಂದಿನ ರಾತ್ರಿ ನೀರು ಹರಿಸಿ ಹೊಸ ಪದರ ಕಟ್ಟಲು ಬಿಡಿ. ಬೂಟಿನಲ್ಲಿ ಒಂದು ಹೆಜ್ಜೆಯನ್ನೂ ಕಲ್ಲು ಮಣ್ಣಿನ ಮೇಲೆ ಇಡಬೇಡಿ. ದಡದಿಂದ ಕೊಳಕ್ಕೆ ನಡೆಯುವಾಗ ಗಟ್ಟಿ ಪ್ಲಾಸ್ಟಿಕ್ ಕವಚ ಇರಲೇಬೇಕು. ಮುಂಜಾನೆಯ ಕೊಳದ ಮಂಜು ಒಳಾಂಗಣದ ಮಂಜಿಗಿಂತ ಬಹಳ ಗಟ್ಟಿ, ಆದ್ದರಿಂದ ನೀವು ಸಾಮಾನ್ಯವಾಗಿ ಇಡುವುದಕ್ಕಿಂತ ಒಂದು ಮೆಟ್ಟಿಲು ಆಳದ ಹಾಲೊ ಹಿಡಿತ ಕೊಡುತ್ತದೆ.

ತುಕ್ಕಿನ ತಪ್ಪು ಬಹುಶಃ ಅದೇ ಪ್ಲಾಸ್ಟಿಕ್ ಕವಚದ್ದು. ಅದನ್ನು ಹಾಕಿಯೇ ಚೀಲಕ್ಕೆ ತುಂಬಿದರೆ ಒಳಗಿನ ತೇವ ಹೊರಬರುವುದಿಲ್ಲ. ಆಟ ಮುಗಿದ ಕೂಡಲೇ ಬ್ಲೇಡನ್ನೂ ಅದು ಕೂರುವ ಹಿಡಿಯನ್ನೂ ಹತ್ತಿಯ ಬಟ್ಟೆಯಿಂದ ಒರೆಸಿ. ಬೆಚ್ಚನೆಯ ಕೋಣೆಗೆ ಬಂದ ಮೇಲೆ ತಣ್ಣನೆಯ ಉಕ್ಕಿನ ಮೇಲೆ ಮತ್ತೆ ಹನಿಗಟ್ಟುತ್ತದೆ, ಆಗ ಇನ್ನೊಮ್ಮೆ ಒರೆಸಿ, ಬಟ್ಟೆಯ ಮೆತ್ತನೆ ಚೀಲ ತೊಡಿಸಿ ಇಡಿ. ನಿಮ್ಮ ಸ್ಕೇಟಿನ ಬ್ಲೇಡು ಕಳಚುವಂಥದ್ದಾದರೆ, ರಜೆಗೆ ಬಂದಾಗ ಸಾಣೆ ಹಿಡಿಸಿದ ಇನ್ನೊಂದು ಜೋಡಿ ಬ್ಲೇಡನ್ನು ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ ಜೊತೆಗೆ ಒಯ್ಯಿರಿ. ಚಾಕು ಸಾಣೆ ಹಿಡಿಯುವ ಕಲ್ಲಿಗೆ ಮಾತ್ರ ಸ್ಕೇಟನ್ನು ಕೊಡಬೇಡಿ. ಅದು ನಡುವಿನ ಕಾಲುವೆಯನ್ನೇ ಅಳಿಸಿಬಿಡುತ್ತದೆ.