ಸಿಲಿಕೋನ್ ಗ್ಯಾಸ್ಕೆಟ್ ಕತ್ತರಿಸಿದ್ರೆ ಅಂಚು ಯಾಕೆ ಓರೆ ಬರುತ್ತೆ?

ಪ್ರಶ್ನೆ: ಸಾರ್, 3 ಮಿ.ಮೀ. ದಪ್ಪದ ಸಿಲಿಕೋನ್ ಶೀಟಲ್ಲಿ ಎಂಟು ಬೋಲ್ಟಿನ ಫ್ಲ್ಯಾಂಜ್‌ಗೆ (ಪೈಪ್ ಜೋಡಿಸೋ ಚಪ್ಪಟೆ ಬಳೆ) ಗ್ಯಾಸ್ಕೆಟ್, ಅಂದ್ರೆ ಲೀಕ್ ಆಗದಂಗೆ ನಡುವೆ ಇಡೋ ರಬ್ಬರ್ ಪದರ, ಮಾಡ್ತಿದೀನಿ. ಕತ್ತರೀಲಿ ಅಂಚು ಸೊಟ್ಟಪಟ್ಟ ಆಗುತ್ತೆ, ಡ್ರಿಲ್ ಹಾಕಿದ್ರೆ ತೂತು ಹರಿದುಹೋಯ್ತು. ಫ್ರೀಜರಲ್ಲಿಟ್ಟು ಗಟ್ಟಿ ಮಾಡ್ಕೊಂಡು ಕಟ್ ಮಾಡು ಅಂದ್ರು, ರಾತ್ರಿಯೆಲ್ಲಾ ಇಟ್ಟೆ, ಬೆಳಿಗ್ಗೆ ಹಂಗೇ ಮೆತ್ತಗಿತ್ತು. ಲೇಸರ್ ಕಟಿಂಗ್ ಮಾಡಿಸೋದೇ ವಾಸೀನಾ?

ಉತ್ತರ: ಫ್ರೀಜರ್ ವಿಷ್ಯದಲ್ಲಿ ನಿಮ್ಮ ತಪ್ಪೇನೂ ಇಲ್ಲ. ಮನೆ ಫ್ರೀಜರ್ ಮೈನಸ್ 18 ಡಿಗ್ರಿ ಹತ್ರ ಇರುತ್ತೆ, ಸಿಲಿಕೋನ್ ಮೈನಸ್ 50ರವರೆಗೂ ಮೆತ್ತಗೇ ಇರೋ ಮಾಲು.

ಒತ್ತಿದ್ರೆ ಸಿಲಿಕೋನ್ ಕುಗ್ಗಲ್ಲ, ಪಕ್ಕಕ್ಕೆ ಹರಡ್ಕೊಳ್ಳುತ್ತೆ. ಬ್ಲೇಡ್ ಒತ್ತಿದಾಗ ಶೀಟು ಹಿಗ್ಗಿರೋ ಸ್ಥಿತೀಲೇ ಕಟ್ ಆಗುತ್ತೆ, ಕೈ ತೆಗೆದ ತಕ್ಷಣ ವಾಪಸ್ ಬರುತ್ತೆ, ಆಗ ಅಂಚು ಓರೆ. ಕತ್ತರೀದೂ ಅದೇ ಕಥೆ. ಡ್ರಿಲ್ ಬಿಟ್ಟಂತೂ ಹಿಡ್ಕೊಂಡು ತಿರುಚಿ ಹರಿದೇಬಿಡುತ್ತೆ. ಅದಕ್ಕೇ ಹೇಳೋದು, ಒತ್ತಬೇಡಿ, ಎಳೀರಿ. ಹೊಸ ಬ್ಲೇಡ್ ಹಾಕಿ, ಸೋಪು ನೀರು ಸವರಿ, ಒಂದೇ ಗೆರೆ ಮೇಲೆ ಹಗುರವಾಗಿ ನಾಲ್ಕೈದು ಸಲ ಎಳೀರಿ, ಒಂದೇ ಏಟಿಗೆ ಆಗ್ಬೇಕು ಅನ್ನೋ ಅವಸರ ಬೇಡ. ದುಂಡಗೆ ಬೇಕಾದ್ರೆ ಕೈವಾರದ ಥರದ ಸರ್ಕಲ್ ಕಟರ್‌ನಲ್ಲೂ ಹಿಂಗೇ. ಸಾಧಾರಣ ಟೇಪು ಸಿಲಿಕೋನ್‌ಗೆ ಸರಿಯಾಗಿ ಅಂಟಲ್ಲ, ಹಾಗಾಗಿ ಪ್ಲೈವುಡ್ಡಲ್ಲಿ ಅಚ್ಚು ಮಾಡಿ ಶೀಟಿನ ಮೇಲೆ ಗಟ್ಟಿಯಾಗಿ ಹಿಡಿದು ಅದರ ಅಂಚಿಗೇ ಬ್ಲೇಡ್ ತಾಗಿಸಿ ಎಳೀರಿ.

ಮೊದ್ಲು ಬೋಲ್ಟ್ ತೂತು, ಆಮೇಲೆ ಒಳಗಿನ ವೃತ್ತ, ಕೊನೇಗೆ ಹೊರಗಿನದು. ಸುತ್ತ ಶೀಟು ಇರೋವರೆಗೂ ಅದು ಅಲುಗಾಡಲ್ಲ, ಬಳೆ ಥರ ಆದ್ಮೇಲೆ ತೂತು ಹೊಡೆಯೋಕೆ ಹೋದ್ರೆ ಜಾರ್ತಾನೇ ಇರುತ್ತೆ.

ತೂತಿಗೆ ಹಾಲೋ ಪಂಚೇ ಬೇಕು, ಬೆಲ್ಟಿಗೆ ಹೊಡೀತಾರಲ್ಲ ಅದು. ಕೆಳಗೆ ಮರದ ದಿಮ್ಮಿ ನೆಟ್ಟಗೆ ನಿಲ್ಲಿಸಿ, ಅದರ ಕೊಯ್ದ ಮುಖದ ಮೇಲೆ ಶೀಟಿಟ್ಟು, ಸುತ್ತಿಗೇಲಿ ಒಂದೇ ಗಟ್ಟಿ ಏಟು. ಕಬ್ಬಿಣದ ಮೇಲಿಟ್ಟು ಹೊಡೆದ್ರೆ ಪಂಚಿನ ಬಾಯಿ ಹೋಗುತ್ತೆ. ಒಳಗಿಂದ ಬಿದ್ದ ಪುಟ್ಟ ಬಿಲ್ಲೇನ ಬೆರಳಲ್ಲಿ ಹಿಡಿದು ನೋಡಿ: ಎರಡೂ ಮುಖ ಒಂದೇ ಅಳತೆ ಇದ್ರೆ ಪಂಚ್ ಹರಿತವಾಗಿದೆ, ಒಂದು ಕಡೆ ದೊಡ್ಡದು ಒಂದು ಕಡೆ ಸಣ್ಣದು, ಅಥವಾ ನಡು ಡಮರು ಥರ ಸಣ್ಣಗಿದ್ರೆ ಸಾಣೆ ಹಿಡೀಬೇಕು, ಅದೂ ಹೊರಗಡೆಯಿಂದ ಮಾತ್ರ. ತೂತು ಬೋಲ್ಟಿಗಿಂತ ಒಂದು ಮಿ.ಮೀ.ಯಷ್ಟು ದೊಡ್ಡದಿರ್ಲಿ, ಟೈಟ್ ಮಾಡಿದಾಗ ರಬ್ಬರ್ ಒಳಗೆ ತಳ್ಳಿಕೊಂಡು ಬರುತ್ತೆ. ಒಳಗಿನ ವೃತ್ತವನ್ನೂ ಹಂಗೇ ಸ್ವಲ್ಪ ದೊಡ್ಡದಾಗಿ ಕಟ್ ಮಾಡಿ.

ಲೇಸರ್‌ನಲ್ಲಿ ಕಟ್ ಆಗುತ್ತೆ, ಆದ್ರೆ ಅಂಚಲ್ಲಿ ಬಿಳಿ ಪುಡಿ, ಅಂದ್ರೆ ಸಿಲಿಕಾ, ಕೂರುತ್ತೆ, ತೊಳೀಬೇಕು. ಒಂದೆರಡು ಪೀಸಿಗೆ ಅಷ್ಟೆಲ್ಲ ಯಾಕೆ? ನೂರಾರು ಬೇಕಾದ್ರೆ ಡೈ (ಕತ್ತರಿಸೋ ಅಚ್ಚು) ಮಾಡಿಸಿ ಪ್ರೆಸ್‌ನಲ್ಲಿ ಹೊಡೆಸಿ, ತುಂಬಾ ದಪ್ಪ ಇದ್ರೆ ವಾಟರ್‌ಜೆಟ್, ಅಂದ್ರೆ ಜೋರು ನೀರಿನ ಧಾರೇಲಿ ಕತ್ತರಿಸೋದು. ಲೇಸರ್‌ಗೇ ಕೊಡೋದಾದ್ರೆ ಶೀಟು ನಿಜವಾಗ್ಲೂ ಸಿಲಿಕೋನೇನಾ ಅಂತ ಮೊದ್ಲು ತುಣುಕು ಸುಟ್ಟು ನೋಡಿ, ಬಿಳಿ ಬೂದಿ ಉಳಿದ್ರೆ ಸಿಲಿಕೋನ್. ಪಿವಿಸಿ ಆಗಿಬಿಟ್ರೆ ಲೇಸರ್‌ನಲ್ಲಿ ಆಸಿಡ್ ಹೊಗೆ ಬರುತ್ತೆ, ಮಷಿನ್‌ಗೂ ಮನುಷ್ಯನಿಗೂ ಕೆಡುಕು.

ಆ ಫ್ಲ್ಯಾಂಜ್‌ನಲ್ಲಿ ಏನು ಹರಿಯುತ್ತೆ ಅಂತ ನೀವು ಬರೆದಿಲ್ಲ. ನೀರೋ ಬಿಸಿ ಗಾಳಿಯೋ ಆದ್ರೆ ಸರಿ. ಪೆಟ್ರೋಲ್ ಆದ್ರೆ ಸಾದಾ ಸಿಲಿಕೋನ್ ಊದ್ಕೊಂಡು ಮೆತ್ತಗಾಗುತ್ತೆ, ಎಷ್ಟು ಚೆನ್ನಾಗಿ ಕಟ್ ಮಾಡಿದ್ರೂ ಲೀಕೇ, ಕಟರ್ ಹಿಡಿಯೋಕೆ ಮುಂಚೆ ಪೆಟ್ರೋಲ್ ತಡ್ಕೊಳ್ಳೋ ನೈಟ್ರೈಲ್ ಅಥವಾ ವೈಟಾನ್ ರಬ್ಬರ್ ಶೀಟ್ ತಗೊಳ್ಳಿ.